ಕರಾವಳಿಯಲ್ಲಿ ಒಂದು ಕೊಲೆ ಇನ್ನೊಂದಕ್ಕೆ ದಾರಿ ಮಾಡುವುದು ಹೇಗೆ

ಕೋಮು ಗಲಭೆ ಅಂದ ಕೂಡಲೇ ಬೀದಿಗಿಳಿದ ನೂರಾರು ಜನ, ಉರಿಯುವ ಅಂಗಡಿ, ಕರ್ಫ್ಯೂ ಕಣ್ಣ ಮುಂದೆ ಬರುತ್ತವೆ. ಮಂಗಳೂರಿನಲ್ಲಿ ಅದೂ ಆಗಿದೆ. 1998ರ ಡಿಸೆಂಬರ್ ಕೊನೆಗೆ ಸುರತ್ಕಲ್ ಸುತ್ತಮುತ್ತ ಹೊತ್ತಿದ ಗಲಭೆ ಹೊಸ ವರ್ಷಕ್ಕೂ ದಾಟಿತು. 2006ರ ಅಕ್ಟೋಬರ್‌ನಲ್ಲಿ ನಗರದಲ್ಲಿ ಕರ್ಫ್ಯೂ ಹಾಕಬೇಕಾಯಿತು. ಆದರೆ ಕಳೆದ ಎಂಟು ಹತ್ತು ವರ್ಷಗಳಲ್ಲಿ ನಾವು ನೋಡುತ್ತಿರುವುದರ ರೀತಿಯೇ ಬೇರೆ. ಒಂದು ಕಡೆ ಒಬ್ಬರನ್ನು ಕೊಲ್ಲುತ್ತಾರೆ. ಕೆಲವು ದಿನಕ್ಕೆ, ಕೆಲವೊಮ್ಮೆ ಕೆಲವೇ ಗಂಟೆಗೆ, ಇನ್ನೊಂದು ಊರಿನಲ್ಲಿ ಇನ್ನೊಂದು ಧರ್ಮದವರೊಬ್ಬರ ಕೊಲೆಯಾಗುತ್ತದೆ. ನಡುವೆ ಬಂದ್, ನಿಷೇಧಾಜ್ಞೆ, ಶವಯಾತ್ರೆ, ಶಾಂತಿ ಸಭೆ. ಆಮೇಲೆ ಸ್ವಲ್ಪ ಕಾಲ ತಣ್ಣಗೆ. ಬೆಂಗಳೂರಿನ ನೆಂಟರು ಫೋನ್ ಮಾಡಿ "ಈಗ ನಿಮ್ಮಲ್ಲಿ ಎಲ್ಲ ಸರಿಯಾಯ್ತಲ್ಲ?" ಅಂತ ಕೇಳುತ್ತಾರೆ. ಬಸ್ಸು ಓಡುತ್ತಿರುತ್ತದೆ, ಅಂಗಡಿ ತೆರೆದಿರುತ್ತದೆ. ಸರಿಯಾಗಿದೆ ಅನ್ನಬೇಕಷ್ಟೆ.

ಇದು ಹೇಗೆ ನಡೆಯುತ್ತದೆ ಎಂದು ನೋಡಲು 2018ರ ಜನವರಿ 3 ಒಂದೇ ದಿನ ಸಾಕು. ಹಗಲಲ್ಲಿ ಕಾಟಿಪಳ್ಳದಲ್ಲಿ ಒಬ್ಬ ಹಿಂದೂ ಯುವಕನನ್ನು ತಲವಾರಿನಿಂದ ಕಡಿದು ಕೊಂದರು. ಅದೇ ರಾತ್ರಿ ಕೊಟ್ಟಾರ ಚೌಕಿಯಲ್ಲಿ, ಫಾಸ್ಟ್‌ಫುಡ್ ಅಂಗಡಿ ನಡೆಸುತ್ತಿದ್ದ ಮುಸ್ಲಿಮರೊಬ್ಬರ ಮೇಲೆ ದಾಳಿಯಾಯಿತು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಅವರೂ ತೀರಿಕೊಂಡರು. ಕಾಟಿಪಳ್ಳದಲ್ಲಿ ನಡೆದದ್ದಕ್ಕೂ ಕೊಟ್ಟಾರದ ಈ ಮನುಷ್ಯನಿಗೂ ಏನು ಸಂಬಂಧ? ಏನೂ ಇಲ್ಲ. ಅವರ ಹೆಸರೊಂದೇ ಕಾರಣ. ಹಳೆಯ ಕಾಲದ ವೈಷಮ್ಯದಲ್ಲಿ ಇಂಥವನು ನನಗೆ ಇಂಥದ್ದು ಮಾಡಿದ, ಅವನನ್ನೇ ಹುಡುಕುತ್ತೇನೆ ಅನ್ನುವ ಒಂದು ಗುರಿಯಾದರೂ ಇರುತ್ತಿತ್ತು. ಇಲ್ಲಿ ಅದೂ ಇಲ್ಲ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬನೇ ಸಿಕ್ಕಿದವನು, ದಾರಿಯಲ್ಲಿ ಸುಲಭಕ್ಕೆ ಸಿಕ್ಕಿದವನು. ಅದಕ್ಕೇ ಈ ಹಿಂಸೆಗೆ ಎಲ್ಲರೂ ಹೆದರುತ್ತಾರೆ. ನಾನು ಯಾರ ತಂಟೆಗೂ ಹೋಗದವನು ಅನ್ನುವುದು ಯಾರನ್ನೂ ಕಾಯುವುದಿಲ್ಲ.

ಕೊಂಡಿ ಎಷ್ಟು ಉದ್ದ ಹೋಗಬಹುದು ಎಂದು ತೋರಿಸಿದ್ದು 2022. ಆ ಜುಲೈಯಲ್ಲಿ ಸುಳ್ಯ ತಾಲೂಕಿನ ಬೆಳ್ಳಾರೆ ಹತ್ತಿರದ ಕಳಂಜದಲ್ಲಿ ಹಲ್ಲೆಗೊಳಗಾದ ಮುಸ್ಲಿಂ ಹುಡುಗ ತೀರಿಕೊಂಡ. ಇನ್ನೂ ಮೀಸೆ ಚಿಗುರುವ ವಯಸ್ಸು. ಜುಲೈ 26ರ ರಾತ್ರಿ ಬೆಳ್ಳಾರೆಯಲ್ಲಿ ಕೋಳಿ ಅಂಗಡಿಯ ಮಾಲೀಕರನ್ನು, ಬಿಜೆಪಿ ಯುವ ಮೋರ್ಚಾದಲ್ಲಿದ್ದವರನ್ನು, ಅವರ ಅಂಗಡಿಯ ಹತ್ತಿರವೇ ಕೊಂದರು. ಎರಡು ದಿನ ಕಳೆಯುವಷ್ಟರಲ್ಲಿ, ಅಲ್ಲಿಂದ ಎಷ್ಟೋ ದೂರದ ಸುರತ್ಕಲ್‌ನಲ್ಲಿ, ಬಟ್ಟೆ ಅಂಗಡಿಯ ಎದುರು ಮುಸ್ಲಿಂ ಯುವಕನೊಬ್ಬನ ಕೊಲೆಯಾಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. 2025ರ ಮೇ 1ರಂದು ಬಜ್ಪೆ ಹತ್ತಿರದ ಕಿನ್ನಿಪದವಿನಲ್ಲಿ ಕೊಲೆಯಾದವರು ಆ ಸುರತ್ಕಲ್ ಪ್ರಕರಣದಲ್ಲಿ ಆರೋಪಿಯಾಗಿದ್ದವರು. ಅದೇ ಮೇ 27ಕ್ಕೆ ಬಂಟ್ವಾಳ ತಾಲೂಕಿನ ಕೊಳತ್ತಮಜಲಿನಲ್ಲಿ, ಪಿಕಪ್‌ನಲ್ಲಿ ಮರಳು ತಂದಿದ್ದ ಮುಸ್ಲಿಂ ಚಾಲಕರನ್ನು ಕೊಂದರು. ಕೊಂದವರಲ್ಲಿ ಅವರ ಪರಿಚಯದವರೇ ಇದ್ದರು ಎಂಬುದು ದೂರಿನಲ್ಲಿರುವ ಮಾತು. ಈ ಒಂದು ವಿಷಯ ಇಲ್ಲಿನ ಜನರನ್ನು ಉಳಿದೆಲ್ಲದಕ್ಕಿಂತ ಜಾಸ್ತಿ ಅಲ್ಲಾಡಿಸಿತು. ಅಪರಿಚಿತರಿಗೆ ಹೆದರಿ ಬದುಕಬಹುದು. ಲೋಡಿಗೆ ಫೋನ್ ಮಾಡುವವನಿಗೂ ಹೆದರಿದರೆ ಹೊಟ್ಟೆಪಾಡು ಹೇಗೆ?

ಈ ಎರಡು ಕೊಲೆಗಳಿಗೆ ಮೊದಲು, ಏಪ್ರಿಲ್ 27ರಂದು, ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಕಡೆ ಕೇರಳದ ವಯನಾಡಿನ ಮುಸ್ಲಿಂ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಆರಂಭದಲ್ಲಿ ಅದನ್ನು ಅಸಹಜ ಸಾವು ಎಂದು ದಾಖಲಿಸಿದ್ದರು. ಆಮೇಲೆ ಕೊಲೆ ಪ್ರಕರಣವಾಗಿ ಇಪ್ಪತ್ತಕ್ಕೂ ಹೆಚ್ಚು ಜನರ ಬಂಧನವಾಯಿತು, ಇನ್‌ಸ್ಪೆಕ್ಟರ್ ಸಹಿತ ಮೂವರು ಪೊಲೀಸರು ಅಮಾನತಾದರು. ಒಂದೇ ತಿಂಗಳಲ್ಲಿ ಮೂರು ಸಾವು.

ಇಂಥ ಸುದ್ದಿ ಬಂದ ಸಂಜೆ ಊರು ಹೇಗಿರುತ್ತದೆ ಎಂದು ಹೊರಗಿನವರಿಗೆ ಹೇಳಬೇಕು. ಮೊದಲು ಫೋನಿಗೆ ಒಂದು ವಿಡಿಯೋ ಬರುತ್ತದೆ. ಎಲ್ಲಿಯದು, ಯಾವತ್ತಿನದು ಗೊತ್ತಿರುವುದಿಲ್ಲ. ಹತ್ತು ನಿಮಿಷಕ್ಕೆ ಒಂದು ಅಂಗಡಿಯ ಶಟರ್ ಅರ್ಧ ಇಳಿಯುತ್ತದೆ. ಅದನ್ನು ನೋಡಿ ಪಕ್ಕದ್ದು. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ "ಇದೇ ಕೊನೆ ಬಸ್ಸು, ಬೇಗ ಬೇಗ" ಅನ್ನುತ್ತಾನೆ. ಎಲ್ಲಿಯೋ ಒಂದು ಬಸ್ಸಿಗೆ ಕಲ್ಲು ಬಿದ್ದಿದೆ ಎಂದು ಮಾಲೀಕರು ಉಳಿದ ಬಸ್ಸು ನಿಲ್ಲಿಸಿರುತ್ತಾರೆ. ಕೆಲಸ ಬಿಟ್ಟ ಸೇಲ್ಸ್ ಹುಡುಗಿಯರು ಒಬ್ಬರ ಮೇಲೊಬ್ಬರು ಹತ್ತುತ್ತಾರೆ. ಎಲ್ಲರ ಕಿವಿಯಲ್ಲೂ ಫೋನು, ಆ ಕಡೆಯಿಂದ ಒಂದೇ ಪ್ರಶ್ನೆ: "ಎಲ್ಲಿಗೆ ಮುಟ್ಟಿದಿ?" ಬಸ್ಸಿನೊಳಗೆ ಯಾರೂ ಜೋರಾಗಿ ಮಾತಾಡುವುದಿಲ್ಲ. ಬುರ್ಖಾ ಹಾಕಿದ ಹೆಂಗಸಿನ ಪಕ್ಕದ ಸೀಟು ಖಾಲಿ ಇದ್ದರೂ ಒಬ್ಬಳು ನಿಂತೇ ಇರುತ್ತಾಳೆ. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ಮನೆ ಸೇರುವುದೊಂದೇ ಯೋಚನೆ. ಆದರೂ ಆ ಸೀಟು ಖಾಲಿ ಹೋಗುತ್ತದೆ.

ಮರುದಿನ ಬಂದ್. ಬಂದ್ ಅಂದರೆ ಸಂಬಳದವರಿಗೆ ರಜೆ. ಬೀಡಿ ಕಟ್ಟುವ ಹೆಂಗಸಿಗೆ, ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚ್ ಮುಚ್ಚಿದರೆ ಕಟ್ಟಿದ ಬೀಡಿ ಮನೆಯಲ್ಲೇ ಉಳಿಯುತ್ತದೆ, ಹೊಸ ಎಲೆ ಸಿಗುವುದಿಲ್ಲ, ಮಜೂರಿ ಇಲ್ಲ. ಬೀಡಿ ಕಟ್ಟುವವರಲ್ಲಿ ಬಿಲ್ಲವರ ಮನೆಯವರೂ ಇದ್ದಾರೆ, ಇಲ್ಲಿನ ಮುಸ್ಲಿಮರಾದ ಬ್ಯಾರಿಗಳ ಮನೆಯವರೂ ಇದ್ದಾರೆ, ಒಂದೇ ಬ್ರಾಂಚಿನ ಎದುರು ಸಾಲು ನಿಲ್ಲುವವರು. ಮೀನಿನ ಬಂದರಿನ ದಕ್ಕೆಯಲ್ಲಿ ಬುಟ್ಟಿ ಹೊರುವವರು, ರಿಕ್ಷಾದವರು, ಸೆಂಟ್ರಲ್ ಮಾರ್ಕೆಟ್‌ನ ತರಕಾರಿಯವರು, ಎಲ್ಲರದ್ದೂ ಇದೇ ಪಾಡು. ಸತ್ತವರು ಯಾರೆಂದು ನೋಡಿ. ರಿಕ್ಷಾ ಓಡಿಸುವವರು, ಲಾಂಡ್ರಿಯವರು, ಕೋಳಿ ಅಂಗಡಿಯವರು, ಪಿಕಪ್ ಚಾಲಕರು. ಭಾಷಣ ಮಾಡುವವರ ಮನೆಯ ಮಕ್ಕಳ ಹೆಸರು ಎರಡೂ ಕಡೆಯ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಹಾಗಾದರೆ ಒಂದು ಕೊಲೆಯ ಲೆಕ್ಕ ಮೂರು ವರ್ಷವಾದರೂ ಯಾಕೆ ಮುಗಿಯುವುದಿಲ್ಲ?

ಮೊದಲ ಕಾರಣ ಕೋರ್ಟು. ಹಿಂದೂ ಮುಸ್ಲಿಂ ಪ್ರಕರಣವಲ್ಲದಿದ್ದರೂ 2009ರ ಜನವರಿ 24ರ ಪಬ್ ದಾಳಿಯನ್ನು ನೆನಪಿಸಿಕೊಳ್ಳಿ. ಹುಡುಗಿಯರನ್ನು ಅಟ್ಟಿಸಿಕೊಂಡು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತ್ತು. 2018ರಲ್ಲಿ ಮಂಗಳೂರಿನ ನ್ಯಾಯಾಲಯದಿಂದ ಆರೋಪಿಗಳು ಖುಲಾಸೆಯಾದರು. ಕ್ಯಾಮೆರಾ ಎದುರು ನಡೆದದ್ದೇ ಹೀಗಾದರೆ, ರಾತ್ರಿ ಹೊತ್ತು ಹಳ್ಳಿ ರಸ್ತೆಯಲ್ಲಿ ನಡೆದದ್ದು? ಕಂಡವರು ಅದೇ ಊರಿನವರು. ಆರೋಪಿಯ ಮನೆ ಎದುರೇ ಅವರು ದಿನಾ ಹಾಲಿಗೆ ಹೋಗಬೇಕು. ವಿಚಾರಣೆ ವರ್ಷಗಟ್ಟಲೆ ಎಳೆದಾಗ ಸಾಕ್ಷಿ ಮೆತ್ತಗಾಗುತ್ತಾನೆ. ಕಾನೂನು ಶಿಕ್ಷೆ ಕೊಡುವುದಿಲ್ಲ ಎಂಬ ಮಾತು ಒಮ್ಮೆ ಊರಿನಲ್ಲಿ ಕೂತರೆ, ನಾವೇ ಕೊಡುತ್ತೇವೆ ಅನ್ನುವವನ ಮಾತಿಗೆ ಬೆಲೆ ಬರುತ್ತದೆ.

ಎರಡನೆಯದು, ದುಃಖವನ್ನು ಸರ್ಕಾರವೇ ಹಂಚಿ ಇಟ್ಟದ್ದು. 2022ರ ಜುಲೈಯ ಮೂರು ಸಾವುಗಳಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಒಂದು ಮನೆಗೆ ಹೋಗಿ 25 ಲಕ್ಷ ರೂಪಾಯಿ ಪರಿಹಾರ ಕೊಟ್ಟರು. ಉಳಿದೆರಡು ಮನೆಗೆ ಹೋಗಲಿಲ್ಲ. ಮುಂದಿನ ವರ್ಷ ಸಿದ್ದರಾಮಯ್ಯ ಸರ್ಕಾರ ಬಂದ ಮೇಲೆ ಆ ಕುಟುಂಬಗಳಿಗೂ, 2018ರ ಕಾಟಿಪಳ್ಳದ ಕುಟುಂಬಕ್ಕೂ ಅಷ್ಟೇ ಹಣ ಕೊಟ್ಟಿತು. ಹಣ ಬಂತು, ಸರಿ. ಆದರೆ ಯಾವ ಸರ್ಕಾರ ಬಂದರೆ ಯಾರ ಸಾವಿಗೆ ಬೆಲೆ ಎಂದು ಜನ ಲೆಕ್ಕ ಹಾಕುವಂತಾಯಿತಲ್ಲ, ಅದು ಹಣದಿಂದ ಹೋಗುವ ಗಾಯವಲ್ಲ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು, ಮತ್ತು ನನ್ನ ಪ್ರಕಾರ ಇದೇ ವಿಷಯದ ಮೂಲ. ಎರಡೂ ಕಡೆಯವರು ತಮ್ಮ ತಮ್ಮ ಸತ್ತವರ ಹೆಸರು ಮಾತ್ರ ಬಲ್ಲರು. ಒಂದು ಕಡೆ ಫ್ಲೆಕ್ಸ್‌ನಲ್ಲಿ ಒಂದು ಮುಖ, ಇನ್ನೊಂದು ಕಡೆ ಇನ್ನೊಂದು. ಆಚೆ ಮನೆಯ ತಾಯಿ ಹೇಗೆ ಅತ್ತಳು ಎಂದು ಈಚೆಯವರಿಗೆ ಗೊತ್ತಾಗುವ ದಾರಿಯೇ ಮುಚ್ಚಿಹೋಗಿದೆ. ಹಿಂಸೆ ಜನರನ್ನು ದೂರ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ದೂರವಾದ ಜನರ ನಡುವೆ ಮುಂದಿನ ಕೊಲೆ ಸುಲಭವಾಗುತ್ತದೆ ಅನ್ನುವುದನ್ನು ಕಡಿಮೆ ಹೇಳುತ್ತಾರೆ.

ಈ ದೂರ ಹೇಗೆ ಬೆಳೆಯುತ್ತದೆ ನೋಡಿ. ಬಾಡಿಗೆ ಮನೆ ಕೇಳಲು ಹೋದಾಗ ಮೊದಲು ಹೆಸರು ಕೇಳುತ್ತಾರೆ, ಹೆಸರು ಕೇಳಿದ ಮೇಲೆ "ಮನೆ ಕೊಟ್ಟಾಯ್ತು" ಅನ್ನುತ್ತಾರೆ. ಹೀಗೆ ಆಗುತ್ತಾ ಆಗುತ್ತಾ ಕೇರಿಗಳು ಬೇರೆಯಾಗುತ್ತವೆ. ಕೇರಿ ಬೇರೆಯಾದರೆ ಶಾಲೆಯೂ ಬೇರೆ. ಒಂದೇ ಸರ್ಕಾರಿ ಶಾಲೆಯ ಬೆಂಚಿನಲ್ಲಿ ಕೂತವರ ಮಕ್ಕಳು ಈಗ ತಮ್ಮ ತಮ್ಮವರ ಆಂಗ್ಲ ಮಾಧ್ಯಮ ಶಾಲೆಗಳಿಗೆ ಬೇರೆ ಬೇರೆ ವ್ಯಾನಿನಲ್ಲಿ ಹೋಗುತ್ತಾರೆ. ಕಾಲೇಜಿಗೆ ಬಂದಾಗ ಮೊದಲ ಸಲ ಒಟ್ಟಿಗೆ ಸೇರುತ್ತಾರೆ, ಆಗ ಇನ್ನೊಂದು ಭಯ ಕಾದಿರುತ್ತದೆ. ಬೀಚಿಗೋ ಐಸ್‌ಕ್ರೀಮ್ ಪಾರ್ಲರಿಗೋ ಹೋದರೆ ಯಾರ ಜೊತೆ ಯಾರು ಕೂತಿದ್ದಾರೆ ಎಂದು ಫೋಟೋ ತೆಗೆಯುವವರಿದ್ದಾರೆ. ಬಸ್ಸಿನಿಂದ ಇಳಿಸಿ ಹೆಸರು ಕೇಳುವವರಿದ್ದಾರೆ. ನೈತಿಕ ಪೊಲೀಸ್‌ಗಿರಿ ಎಂದು ಪತ್ರಿಕೆಗಳು ಬರೆಯುವ ಈ ಹಾವಳಿಯಿಂದ ಹುಡುಗರಿಗೆ ಪೆಟ್ಟು ಬೀಳುತ್ತದೆ. ಹುಡುಗಿಯರ ಓದೇ ನಿಲ್ಲಬಹುದು, ಯಾಕೆಂದರೆ ಮನೆಯಲ್ಲಿ ಮೊದಲು ಬರುವ ಮಾತು "ಸಾಕು, ಇನ್ನು ಮನೆಯಲ್ಲೇ ಇರು."

ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ 2021ರ ಕೊನೆಗೆ ಎದ್ದ ಹಿಜಾಬ್ ವಿವಾದದಲ್ಲಿ ರಕ್ತ ಹರಿಯಲಿಲ್ಲ. ಆದರೂ ಅದನ್ನು ಈ ಕತೆಯಿಂದ ಬಿಡಲಾಗುವುದಿಲ್ಲ. ಕೆಲವು ತಿಂಗಳಲ್ಲಿ ಅದು ರಾಜ್ಯವಿಡೀ ಹಬ್ಬಿತು. ಕೇಸರಿ ಶಾಲು ಬಂತು, ಕಾಲೇಜುಗಳಿಗೆ ರಜೆ ಬಂತು. 2022ರ ಮಾರ್ಚ್ 15ಕ್ಕೆ ಹೈಕೋರ್ಟು ಸಮವಸ್ತ್ರದ ಬಗ್ಗೆ ಸರ್ಕಾರ ಹೊರಡಿಸಿದ್ದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕೋರ್ಟಿನ ಮಾತು ಅಲ್ಲಿಗಿರಲಿ. ಪರೀಕ್ಷೆ ಬಿಟ್ಟ ಹುಡುಗಿಯರಿದ್ದರು, ಕಾಲೇಜು ಬದಲಿಸಿದವರಿದ್ದರು. ಲ್ಯಾಬ್ ರೆಕಾರ್ಡ್ ಹಂಚಿಕೊಂಡು ಬರೆಯುತ್ತಿದ್ದ ಗೆಳತಿಯರು ಗೇಟಿನ ಎರಡು ಬದಿಯಲ್ಲಿ ನಿಂತರು. ಆ ವಯಸ್ಸಿನಲ್ಲಿ ಮುರಿದ ಗೆಳೆತನವನ್ನು ಮತ್ತೆ ಕಟ್ಟಲು ಯಾವ ತೀರ್ಪಿನಿಂದಲೂ ಆಗುವುದಿಲ್ಲ.

ಅದೇ ಮಾರ್ಚ್‌ನಲ್ಲಿ ಜಾತ್ರೆಗಳ ಸರದಿ ಬಂತು. ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಅಂಗಡಿ ಜಾಗದ ಏಲಂ ಹಿಂದೂಗಳಿಗೆ ಮಾತ್ರ ಎಂದಾಯಿತು. ಆಮೇಲೆ ಬೇರೆ ಜಾತ್ರೆಗಳಲ್ಲೂ ಬ್ಯಾನರ್ ಬಿತ್ತು. 2002ರ ಧಾರ್ಮಿಕ ದತ್ತಿ ನಿಯಮಗಳಲ್ಲಿ ದೇವಸ್ಥಾನದ ಹತ್ತಿರದ ಜಾಗ, ಕಟ್ಟಡವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎಂಬ ಮಾತು ಉಂಟು. ಅದನ್ನು ಎರಡು ಮೂರು ದಿನದ ಬಳೆ ಅಂಗಡಿಗೂ ಹಚ್ಚಬಹುದೇ ಎಂಬುದೇ ಜಗಳ. ಬ್ಯಾನರ್ ಬಿದ್ದ ಕಡೆಗಳಲ್ಲಿ ಮುಲ್ಕಿಯ ಬಪ್ಪನಾಡೂ ಒಂದು. ಆ ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಕಾರಣನಾದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎಂದು ಐತಿಹ್ಯ ಹೇಳುತ್ತದೆ, ಊರಿಗೆ ಹೆಸರು ಬಂದದ್ದೂ ಅವನಿಂದಲೇ ಎನ್ನುತ್ತಾರೆ. ಜಾತ್ರೆಯಿಂದ ಜಾತ್ರೆಗೆ ಹೋಗುವ ಬಳೆಯವನಿಗೆ, ಕಬ್ಬಿನ ಹಾಲಿನವನಿಗೆ ಆ ಕೆಲವು ತಿಂಗಳ ದುಡಿಮೆಯೇ ವರ್ಷದ ಅನ್ನ. ಅದಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದು. ಹಳ್ಳಿಯ ಹಿಂದೂ ಹೆಂಗಸು ವರ್ಷಕ್ಕೊಮ್ಮೆಯಾದರೂ ಒಬ್ಬ ಬ್ಯಾರಿಯ ಜೊತೆ ಚೌಕಾಸಿ ಮಾಡಿ, ನಕ್ಕು, ಕೈಗೆ ಬಳೆ ಇಡಿಸಿಕೊಂಡು ಬರುತ್ತಿದ್ದ ಜಾಗ ಅದು. ಅದೂ ಹೋಯಿತು.

ಈ ಜಿಲ್ಲೆಯಲ್ಲೇ ಯಾಕೆ ಹೀಗೆ? ಇದು ಬಡ ಜಿಲ್ಲೆಯಲ್ಲ, ಓದದ ಜಿಲ್ಲೆಯೂ ಅಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ಕ್ಕಿಂತ ಮೇಲೆ. ಜನರಲ್ಲಿ ಸುಮಾರು ಶೇ 67 ಹಿಂದೂಗಳು, ಶೇ 24 ಮುಸ್ಲಿಮರು, ಶೇ 8 ಕ್ರೈಸ್ತರು. ಉಡುಪಿಯಲ್ಲಿ ಮುಸ್ಲಿಮರು ಶೇ 8ರಷ್ಟು. ಓದಿದರೆ ದ್ವೇಷ ಹೋಗುತ್ತದೆ ಅನ್ನುವ ನಂಬಿಕೆಗೆ ನಮ್ಮ ಜಿಲ್ಲೆಯೇ ಉತ್ತರ.

ಹಳೆಯ ಕಾಲವೆಲ್ಲ ಚಿನ್ನದ್ದು ಎಂದು ನಾನು ಹೇಳುವುದಿಲ್ಲ. ಆಗ ಧಣಿ ಒಕ್ಕಲುಗಳ ಲೋಕವಿತ್ತು, ಜಾತಿಯ ಮೇಲು ಕೀಳು ಇತ್ತು. ಆದರೆ ಭೂಮಿ, ಗೇಣಿ, ಅಡಿಕೆ, ಮೀನು ಇವೆಲ್ಲ ಜನರನ್ನು ಒಬ್ಬರಿಗೊಬ್ಬರು ಬೇಕಾದವರಾಗಿ ಇಟ್ಟಿದ್ದವು. 1974ರ ಭೂ ಸುಧಾರಣೆ ಇಲ್ಲಿ ಗಟ್ಟಿಯಾಗಿಯೇ ಜಾರಿಗೆ ಬಂತು, ಗೇಣಿದಾರರು ಭೂಮಿಗೆ ಒಡೆಯರಾದರು. ಅದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಅದೇ ಸುಮಾರಿಗೆ ಗಲ್ಫ್‌ನ ದಾರಿ ತೆರೆಯಿತು. ಮೀನು, ಎಲೆ, ಹಳೆ ಕಬ್ಬಿಣದ ವ್ಯಾಪಾರದಲ್ಲಿದ್ದ ಬ್ಯಾರಿಗಳ ಮನೆಗಳಿಗೆ ಹಣ ಬಂತು. ಹೊಸ ಮನೆ, ಹೊಸ ಮಸೀದಿ, ಹೊಸ ಅಂಗಡಿ ಎದ್ದವು. ಈಚೆ ಕಡೆ ಭೂಮಿ ಸಿಕ್ಕಿದ ಮನೆಗಳ ಮಕ್ಕಳು ಓದಿ ಕೆಲಸಕ್ಕೆ ಕಾದರು. ಹಳೆಯ ಕೊಂಡಿ ಕಳಚಿತು. ಹೊಸದನ್ನು ಯಾರೂ ಕಟ್ಟಲಿಲ್ಲ. ಆ ಖಾಲಿ ಜಾಗಕ್ಕೆ ಸಂಘಟನೆಗಳು ಬಂದವು. ವಿಶ್ವ ಹಿಂದೂ ಪರಿಷತ್ತಿನ ದೊಡ್ಡ ಸಮ್ಮೇಳನ ಉಡುಪಿಯಲ್ಲಿ ನಡೆದದ್ದು 1969ರಲ್ಲೇ. 1992ರ ನಂತರ ಮುಸ್ಲಿಮರಲ್ಲಿ ಭಯವೂ ಸಿಟ್ಟೂ ಬೆಳೆದು ಅವರ ಕಡೆಯೂ ಬಿರುಸಿನ ಸಂಘಟನೆಗಳು ಹುಟ್ಟಿದವು. ಅವುಗಳಲ್ಲಿ ದೊಡ್ಡದಾಗಿ ಬೆಳೆದ ಪಾಪ್ಯುಲರ್ ಫ್ರಂಟ್ ಅನ್ನು ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಸಂಜೆ ಮಾಡಲು ಕೆಲಸವಿಲ್ಲದ ಹುಡುಗನಿಗೆ ಎರಡೂ ಕಡೆ ಒಂದು ಕಟ್ಟೆ ಸಿಕ್ಕಿತು, ಒಂದು ಬೈಕ್ ಗುಂಪು ಸಿಕ್ಕಿತು, ಅಣ್ಣ ಅನ್ನಿಸಿಕೊಳ್ಳುವವನೊಬ್ಬ ಸಿಕ್ಕಿದ.

ಕಾನೂನು ಏನು ಮಾಡುತ್ತದೆ ಎಂದರೆ, ಬೇಕಾದಷ್ಟು ಕಲಮುಗಳಿವೆ. ನಾವು ಇನ್ನೂ 144 ಅನ್ನುವ ನಿಷೇಧಾಜ್ಞೆ 2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಧರ್ಮಗಳ ನಡುವೆ ದ್ವೇಷ ಹುಟ್ಟಿಸುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ, ಮೂರು ವರ್ಷದವರೆಗೆ ಜೈಲು. ಆದರೆ ಕೋರ್ಟು ಇದನ್ನು ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರದ ಅನುಮತಿ ಬೇಕು. ಆಳುವವರಿಗೆ ಬೇಕಾದವನು ಮಾತಾಡಿದರೆ ಆ ಕಡತ ಎಲ್ಲಿ ಮಲಗುತ್ತದೆ ಎಂದು ನಿಮಗೇ ಗೊತ್ತು ಅಲ್ವಾ? ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯದಂಥ ಕಾರಣಕ್ಕೆ ಕೊಂದರೆ 103ನೇ ಕಲಮಿನ ಎರಡನೇ ಉಪಕಲಂ ಮರಣದಂಡನೆ ಅಥವಾ ಜೀವಾವಧಿ ಹೇಳುತ್ತದೆ. 2025ರ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆಂದೇ 248 ಸಿಬ್ಬಂದಿಯ ವಿಶೇಷ ಕಾರ್ಯಪಡೆಯನ್ನು ಸರ್ಕಾರ ಆರಂಭಿಸಿತು. ನಕ್ಸಲ್ ನಿಗ್ರಹ ಪಡೆಯಲ್ಲಿದ್ದವರನ್ನು ಇದಕ್ಕೆ ತಂದರು. ಪೊಲೀಸರು ಮನಸ್ಸು ಮಾಡಿದರೆ ಗಲಾಟೆ ನಿಲ್ಲುತ್ತದೆ, ಇದು ಅನುಭವದ ಮಾತು. ಪಡೆ ಬೇಕು. ಆದರೆ ಅದು ಕೊಲೆ ತಡೆಯಬಹುದು, ಖಾಲಿ ಸೀಟಿನಲ್ಲಿ ಯಾರನ್ನೂ ಕೂರಿಸಲಾರದು.

ಯಾವುದು ತಡೆಯುತ್ತದೆ ಅನ್ನುವುದಕ್ಕೆ ಒಂದು ಅಧ್ಯಯನದ ಮಾತು ನಮಗೆ ಹತ್ತಿರದ್ದು. ಸಂಶೋಧಕರು ಅಲಿಗಢವನ್ನು, ನಮ್ಮ ದಕ್ಷಿಣಕ್ಕಿರುವ ಕೋಝಿಕ್ಕೋಡ್ ಅನ್ನು ಎದುರು ಬದುರು ಇಟ್ಟು ನೋಡಿದರು. ಎರಡರಲ್ಲೂ ಮುಸ್ಲಿಮರ ಪಾಲು ಹೆಚ್ಚುಕಡಿಮೆ ಅಷ್ಟೇ. ಅಲಿಗಢದಲ್ಲಿ ಮತ್ತೆ ಮತ್ತೆ ಗಲಭೆ, ಕೋಝಿಕ್ಕೋಡ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಕ್ಕಪಕ್ಕದ ಮನೆಯವರ ಒಳ್ಳೆಯತನ ಒಳ್ಳೆಯದೇ, ಆದರೆ ದೊಡ್ಡ ಒತ್ತಡ ಬಂದಾಗ ಅದು ನಿಲ್ಲುವುದಿಲ್ಲ. ವ್ಯಾಪಾರಿಗಳ ಸಂಘ, ಕಾರ್ಮಿಕ ಸಂಘ, ಓದುಗರ ಕೂಟ, ಕ್ರೀಡಾ ಕ್ಲಬ್ಬು, ಇವುಗಳಲ್ಲಿ ಎರಡೂ ಧರ್ಮದವರು ಒಟ್ಟಿಗಿದ್ದ ಊರು ನಿಲ್ಲುತ್ತದೆ. ಯಾಕೆಂದರೆ ಗಲಭೆಯಿಂದ ತಮ್ಮ ಹೊಟ್ಟೆಗೆ ಪೆಟ್ಟು ಬೀಳುವವರು ಅಲ್ಲಿ ಸಂಘಟಿತರಾಗಿರುತ್ತಾರೆ. ಸುಳ್ಳು ಸುದ್ದಿ ಬಂದರೆ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುತ್ತಾರೆ.

ನಮ್ಮಲ್ಲಿ ಇದಕ್ಕೆ ಬೇಕಾದ ಸಾಮಾನು ಇಲ್ಲದಿಲ್ಲ. ಬೀಡಿ ಕಾರ್ಮಿಕರ ಸಂಘಗಳಿವೆ, ಬಸ್ ಮಾಲೀಕರ ಸಂಘ ಉಂಟು, ದಕ್ಕೆಯಲ್ಲಿ ಬೋಟಿನವರೂ ಕಮಿಷನ್‌ನವರೂ ದಿನಾ ಬೆಳಿಗ್ಗೆ ಒಟ್ಟಿಗೆ ಏಲಂ ಕೂಗುತ್ತಾರೆ. ಆದರೆ ಶಾಂತಿ ಸಭೆಗೆ ಇವರನ್ನು ಕರೆಯುವುದು ಅಪರೂಪ. ಅಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು ಸಂಘಟನೆಗಳ ಮುಖಂಡರು, ಪ್ರತಿ ಸಲವೂ ಬಹುತೇಕ ಅದೇ ಮುಖಗಳು. ಬಂದ್ ಕರೆಯುವವರ ಹತ್ತಿರವೇ ಶಾಂತಿ ಕೇಳಿದರೆ ಎಲ್ಲಿಂದ ಬರಬೇಕು? ಬೀಡಿ ಬ್ರಾಂಚಿನ ಎದುರು ನಿಲ್ಲುವ ಹೆಂಗಸರನ್ನು ಕರೆಯಲಿ, ಬಂದ್‌ನಿಂದ ಆ ವಾರ ಮನೆಯಲ್ಲಿ ಏನಾಯಿತು ಎಂದು ಅಧಿಕಾರಿಗಳ ಎದುರು ಅವರೇ ಹೇಳಲಿ.

ಇನ್ನೊಂದು ಕೆಲಸ ಸಾಕ್ಷಿಗಳದ್ದು. ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟು 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಲೇಬೇಕು ಎನ್ನುತ್ತದೆ. ಬೆದರಿಕೆ ಇರುವವರು ಅರ್ಜಿ ಕೊಟ್ಟು ರಕ್ಷಣೆ ಕೇಳಬಹುದು. ಹಳ್ಳಿಯಲ್ಲಿ ಕೊಲೆ ಕಂಡ ಮನುಷ್ಯನಿಗೆ ಇದು ಗೊತ್ತಿರುವುದಿಲ್ಲ, ಹೇಳುವವರೂ ಇಲ್ಲ. ಹೇಳಿಕೆ ಬರೆಸಿಕೊಳ್ಳುವ ದಿನವೇ ಠಾಣೆಯಲ್ಲಿ ಅವನಿಗೆ ಈ ವಿಷಯ ಕನ್ನಡದಲ್ಲಿ, ಬೇಕಾದರೆ ತುಳುವಿನಲ್ಲೋ ಬ್ಯಾರಿಯಲ್ಲೋ ಬಿಡಿಸಿ ಹೇಳಿ ಅರ್ಜಿ ಬರೆಸಿಕೊಳ್ಳಬೇಕು. ವಿಶೇಷ ಕಾರ್ಯಪಡೆ ಈ ಒಂದು ಕೆಲಸವನ್ನು ನಾಳೆಯಿಂದಲೇ ಶುರು ಮಾಡಬಹುದು.